ಹೇಳದೆ ತಿಳಿದದ್ದು

ಮುದುಕ ತಪ್ಪಿಸಿಕೊಂಡ ಆಡು ಹುಡುಕುತ್ತ ಗುಡ್ಡ ಹತ್ತಿದ್ದ. ‘ಹತ್ತಿ ನೋಡ್ತೀನಿ, ಅಲ್ಲಿ ಹಾಸಗಲ್ಲಿನ ಮ್ಯಾಲ…’ ಎಂದವನು ಅಲ್ಲಿಗೇ ನಿಂತುಬಿಟ್ಟ. ಸುಜಾತಾ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಪರದೆಯ ನಡುವೆ ನೀಲಿ ಉಂಗುರವೊಂದು ಸುಮ್ಮನೆ ತಿರುಗುತ್ತಿತ್ತು. ಹಾಸಗಲ್ಲಿನ ಮೇಲೆ ಆಡು ಇತ್ತೋ, ಆಡಿನ ಎಲುಬು ಇತ್ತೋ, ಬೇರೆ ಯಾರಾದರೂ ಕೂತಿದ್ದರೋ ತಿಳಿಯುವ ಹಾಗಿರಲಿಲ್ಲ. ಚಿಂಚೋಳಿ ಕಡೆಯ ದನಿ. ಮಾತಿನ ತುದಿಗೆ ತೆಲುಗಿನ ಎಳೆತ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಎಲ್ಲಿಯದೋ ಕಂಪನಿಯೊಂದು ಈ ಭಾಗದ ಮಂದಿಯ ಮಾತನ್ನು ತುಣುಕು ತುಣುಕಾಗಿ ಕಳಿಸುತ್ತಿತ್ತು. ಅದನ್ನು ಕೇಳಿ, ಆಡಿದ ಹಾಗೆಯೇ, ತಿದ್ದದೆ, ಕೆಮ್ಮಿದರೆ ಕೆಮ್ಮೆಂದು, ತಡೆದರೆ ತಡೆದರೆಂದು ಬರೆದು ಕಳಿಸುವುದು ಅವಳ ಕೆಲಸ. ಶುರುಮಾಡಿ ವರ್ಷದ ಮೇಲಾಗಿತ್ತು. ಈಚೆಗೆ ಕಂಪ್ಯೂಟರು ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಕಾಣಿಸಿಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ತಡವಾದ ತುಣುಕು ಬೇರೆಯವರ ಪಾಲಾಗುತ್ತಿತ್ತು. ಇನ್ನೂ ಹೀಗೇ ಆದರೆ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ ಎಂದು ಕಂಪನಿಯವರು ನಿನ್ನೆ ಬಹಳ ಮರ್ಯಾದೆಯಿಂದ ತಿಳಿಸಿದ್ದರು. ಓದಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬುದಷ್ಟೇ ರಾತ್ರಿ ಮಲಗುವಾಗ ಒಮ್ಮೆ ಅನ್ನಿಸಿ ಹೋಯಿತು.

ಕಿಟಕಿಯಾಚೆ ಗೂಡ್ಸ್ ಗಾಡಿ ಹೊರಟಿತ್ತು. ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕೊನೆಯೆಂಬುದಿಲ್ಲ. ಒಂದರ ಬಾಲ ಮುಗಿಯುವಷ್ಟರಲ್ಲಿ ಇನ್ನೊಂದರ ಮೂತಿ. ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗಿ ನಿಂತಿತು. ಅವಳು ಎದ್ದು, ಅಂಗಾಲಿಗೆ ತಣ್ಣಗೆ ಹತ್ತುವ ಶಹಾಬಾದಿ ಕಲ್ಲಿನ ನೆಲದ ಮೇಲೆ ನಡೆದು ಹೋಗಿ, ನೀರು ಕುಡಿದು, ಮತ್ತೆ ಬಂದು ಕೂತಳು. ಉಂಗುರ ಇನ್ನೂ ತಿರುಗುತ್ತಲೇ ಇತ್ತು. ಈ ಕಂಪ್ಯೂಟರು ಮಗಳು ಶ್ರುತಿಗಾಗಿ, ಶಾಲೆಗಳೆಲ್ಲ ಮನೆಯೊಳಗೆ ಬಂದು ಕೂತಿದ್ದ ರೋಗದ ವರ್ಷಗಳಲ್ಲಿ ತಂದದ್ದು. ಶ್ರುತಿ ಈಗ ಸೇಡಂನ ಹಾಸ್ಟೆಲಿನಲ್ಲಿದ್ದಾಳೆ. ಅವಳು ಹೋದ ಮೇಲೆ ಯಂತ್ರ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಆ ಬಟ್ಟೆ ತೆಗೆದ ದಿನ ಗಂಡ ಅಂಬರೇಶ ಕೇಳಿದ್ದು ಒಂದೇ ಮಾತು: ‘ಯಾರ ಮಾತು ಕೇಳಬೇಕದು?’ ‘ಯಾರದೋ,’ ಎಂದಿದ್ದಳು. ‘ಯಾರದೋ ಅಂದ್ರ?’ ‘ಯಾರದೋ ಅಂದ್ರ ಯಾರದೋ.’ ಅವನು ಫ್ಯಾಕ್ಟರಿಯ ಲ್ಯಾಬಿನಲ್ಲಿ ಸಿಮೆಂಟಿನ ಪುಡಿ ತೂಗುವವನು. ಯಾರದೋ ಎಂಬಂಥ ಮಾತು ಅವನ ತಕ್ಕಡಿಯಲ್ಲಿ ಕೂಡುತ್ತಿರಲಿಲ್ಲ.

ಗೆಳತಿ ಮೆಹವಿಶಳಿಗೆ ಫೋನ್ ಮಾಡಿ ಕಂಪ್ಯೂಟರಿನ ಪಾಡು ಹೇಳಿದಳು. ಚಿತ್ತಾಪುರದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಈಗ ಮೆಹವಿಶ ಅಣ್ಣ ತಾಹಿರನ ಜೊತೆ ಸ್ಟೇಶನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ. 

‘ಪರದೆ ಮ್ಯಾಲ ಎಷ್ಟು ಕಿಟಕಿ ತೆರೆದಿಟ್ಟೀ?’ ಎಂದು ಕೇಳಿದಳು ಮೆಹವಿಶ.

‘ಒಂದೇ ಅದ.’

‘ಹಂಗಾದ್ರ ಒಳಗ ಏನೋ ತಿನ್ಲಿಕತ್ತದ. ಟಾಸ್ಕ್ ಮ್ಯಾನೇಜರ್ ತೆಗಿ. ಮೆಮೊರಿ ಅಂತ ಬರೆದದ್ದರ ಮ್ಯಾಲ ಒಂದು ಸಲ ಒತ್ತು. ಜಾಸ್ತಿ ತಿನ್ನಾದು ಮ್ಯಾಲ ಬಂದು ಕೂಡ್ತದ.’

ಪಟ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಅವಳಿಗೆ ಗೊತ್ತಿಲ್ಲದ ಎಷ್ಟೋ ಹೆಸರುಗಳು ತಮ್ಮ ಪಾಡಿಗೆ ತಾವು ಒಳಗೆ ಓಡಾಡಿಕೊಂಡಿದ್ದವು. ಮನೆಯ ಹಿಂದಿನ ಓಣಿಯಲ್ಲಿ ದಿನಾ ಹಾಯುವ ಮಂದಿಯ ಹಾಗೆ. ಎಲ್ಲಕ್ಕಿಂತ ಮೇಲೆ, ಕೆಂಪಗೆ, ಅರ್ಥವಿಲ್ಲದ ನಾಲ್ಕಕ್ಷರದ ಹೆಸರೊಂದು ಕೂತಿತ್ತು. ಇದ್ದ ಮೆಮೊರಿಯ ಮುಕ್ಕಾಲು ಪಾಲು ಅದರದೇ. ಮೆಹವಿಶ ಹೇಳಿದಂತೆ ಅದನ್ನು ಆರಿಸಿ ನಿಲ್ಲಿಸಿದಳು. ಹೋಯಿತು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಯಂತ್ರ ಹಗುರಾಯಿತು. ಆಮೇಲೆ ಅದೇ ಹೆಸರು ತಳದಿಂದ ಎದ್ದು, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಮತ್ತೆ ಮೇಲೇರಿ ಕೂತಿತು.

‘ಹೆಸರು ಹೇಳು, ಅಕ್ಷರ ಅಕ್ಷರ,’ ಎಂದಳು ಮೆಹವಿಶ. ಹೇಳಿದಳು. ಅತ್ತ ಕಡೆ ಕೀಲಿಗಳ ಸಪ್ಪಳ ಕೇಳಿತು, ನಿಂತಿತು. ಅಂಗಡಿಗೆ ಬಂದವರಿಗೆ ಮೆಹವಿಶ ಏನೋ ಹೇಳಿ ಕಳಿಸಿದಳು.

‘ಸುಜಾತಾ, ಮನ್ಯಾಗ ಯಾರಿದ್ದಾರ?’

‘ಯಾರಿಲ್ಲ. ಯಾಕ?’

‘ಇದು… ಮಂದಿ ತಮ್ಮ ಮಕ್ಕಳ ಮ್ಯಾಲ ನಿಗಾ ಇಡಾಕ ಹಾಕ್ತಾರ. ಪರದೆ ಮ್ಯಾಲ ಏನ್ ಕಾಣಸ್ತದ, ಅದರ ಫೋಟೋ ತಕ್ಕೋತ ಇರ್ತದ, ಹಾಕಿದವರ ಫೋನಿಗೂ ಕಳಸ್ತದ. ಡಿಸ್ಕ್ ತುಂಬಿರಬೇಕು. ಇಡಾಕ ಜಾಗ ಇಲ್ಲ, ತಗದದ್ದೆಲ್ಲ ಮೆಮೊರಿದಾಗ ಹೊತಗೊಂಡು ಕುಂತದ.’

‘ಶ್ರುತಿಗೆ ಹಾಕಿರಬೇಕು,’ ಎಂದಳು ಸುಜಾತಾ, ಆ ಮಾತು ಮೊದಲೇ ಬಾಯಲ್ಲಿ ಸಿದ್ಧವಿದ್ದಂತೆ. ‘ಕ್ಲಾಸ್ ನೋಡ್ತಾಳೋ ಆಟ ಆಡ್ತಾಳೋ ಅಂತ ಅವರ ಅಪ್ಪ ಹಾಕಿರಬೇಕು.’

‘ಇರಬೇಕು,’ ಎಂದಳು ಮೆಹವಿಶ. ಆಮೇಲೆ, ಕೇಳಬಾರದ್ದನ್ನು ಕೇಳುವವರ ದನಿಯಲ್ಲಿ, ‘ಯಾವಾಗ ಹಾಕ್ಯಾರ ಅಂತ ತೋರಸ್ತದ. ನೋಡ್ತಿಯೇನು?’

ನೋಡಿದಳು. ಹೋದ ವರ್ಷದ ಶ್ರಾವಣ. ಶ್ರುತಿ ಹಾಸ್ಟೆಲಿಗೆ ಹೋದದ್ದು ಅದಕ್ಕೂ ಮೊದಲು, ಮುಂಗಾರು ಹಿಡಿಯುವ ಹೊತ್ತಿಗೆ. ಹಾಸಿಗೆ ಸುರುಳಿ ತೊಯ್ದು, ಸೇಡಂನ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಒಣಗಲು ಹರವಿ ತಾಯಿ ಮಗಳು ಕೂತಿದ್ದು ನೆನಪಿತ್ತು. ‘ನೋಡಿದೇನು?’ ಎಂದಳು ಮೆಹವಿಶ. ‘ನೋಡಿದೆ. ಶ್ರುತಿಗೇ ಹಾಕ್ಯಾರ,’ ಎಂದಳು ಸುಜಾತಾ. ಸುಳ್ಳು ಹೇಳಿದಾಗ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ. ಅವಳ ಎದೆ ಇದ್ದ ಹಾಗೆ ಇತ್ತು. ‘ಇರ್ಲಿ ಬಿಡು, ಅವರು ಬಂದ ಮ್ಯಾಲ ತಗಸ್ತೀನಿ.’

ಫೋನಿಟ್ಟು, ತಾರೀಖು ನೋಡಲು ಮೆಹವಿಶ ಹೇಳಿಕೊಟ್ಟಿದ್ದ ದಾರಿಯಲ್ಲಿ ಹುಡುಕಿದಾಗ ಫೋಟೋಗಳ ಕೋಣೆ ಸಿಕ್ಕಿತು. ಬೀಗ ಇರಬೇಕಿತ್ತು, ಇರಲಿಲ್ಲ. ಅಂಗೈ ಅಗಲದ ಚಿತ್ರಗಳು, ಒಂದರ ಬೆನ್ನಿಗೊಂದು. ಎಲ್ಲದರಲ್ಲೂ ಅವಳೇ, ಆದರೆ ಎಲ್ಲಿಯೂ ಅವಳ ಮುಖವಿಲ್ಲ. ಅವಳು ನೋಡಿದ್ದು, ಬರೆದದ್ದು, ಬರೆದು ಅಳಿಸಿದ್ದು. ಗದ್ದದ ಮೇಲೆ ಹುಟ್ಟುವ ಕೂದಲಿಗೆ ಏನು ಮಾಡಬೇಕು ಎಂದು ಕೇಳಿದ್ದು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರೊಬ್ಬರು ಬದುಕಿದ್ದಾರೋ ಇಲ್ಲವೋ ಎಂದು ಹುಡುಕಿದ್ದು. ಮಧ್ಯಾಹ್ನವೆಲ್ಲ ಇಸ್ಪೀಟಿನ ಎಲೆ ಜೋಡಿಸುತ್ತ ಕೂತದ್ದು. ಶ್ರುತಿಗೆ ನಾಲ್ಕು ಸಾಲು ಬರೆದು, ಬೇಡವೆಂದು ತೆಗೆದು, ‘ಊಟ ಆಯ್ತೇನು’ ಎಂದಷ್ಟೇ ಕಳಿಸಿದ್ದು. ಅವಳು ಇವನ್ನೆಲ್ಲ ಬೇರೆ ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದಂತೆ ನೋಡುತ್ತ ಹೋದಳು. ನಾಚಿಕೆ ಬರುತ್ತದೆ ಎಂದು ಕಾದಳು. ಬಚ್ಚಲಲ್ಲಿ ಇರುವಾಗ ಬಾಗಿಲು ತಾನಾಗಿ ತೆರೆದುಕೊಂಡರೆ ಬರುವಂಥದ್ದು. ಬರಲಿಲ್ಲ.

ಮೊಣಕಾಲು ನೋವಿನ ಚಿತ್ರ ಬಂತು. ಮೊಣಕಾಲು ನೋವಿಗೆ ಪಟ್ಟಿ ಕಟ್ಟಿದರೆ ಗುಣವಾಗುತ್ತದೆಯೇ ಎಂದು ಅವಳು ಒಂದು ದಿನ ಕೇಳಿದ್ದಳು. ಕಂಪ್ಯೂಟರನ್ನು. ಬೇರೆ ಯಾರನ್ನೂ ಅಲ್ಲ. ಮಾರನೆಯ ವಾರ ಅಂಬರೇಶ ಫ್ಯಾಕ್ಟರಿಯ ಬಸ್ಸಿಳಿದು ಬಂದವನು ಚೀಲದಿಂದ ಪಟ್ಟಿ ತೆಗೆದು, ಮಾತಿಲ್ಲದೆ ಮೇಜಿನ ಮೇಲಿಟ್ಟಿದ್ದ. ‘ನಿಮಗ ಹೆಂಗ ತಿಳೀತು?’ ಎಂದದ್ದಕ್ಕೆ, ‘ಮೆಟ್ಟಿಲ ಹತ್ತುವಾಗ ನೋಡೀನಲ್ಲ,’ ಎಂದಿದ್ದ. ಈ ಮನೆಗೆ ಇರುವುದು ಎರಡೇ ಮೆಟ್ಟಿಲು. ಆದರೂ ಅವಳು ನಂಬಿದಳು. ಆ ಪಟ್ಟಿಯನ್ನು ನೋವು ಹೋದ ಮೇಲೂ ಎಷ್ಟೋ ದಿನ ಕಟ್ಟಿಕೊಂಡಳು. ಮೆಹವಿಶಳ ಅಂಗಡಿಯಲ್ಲಿ ಕೂತು, ‘ನಮ್ಮನಿಯವರಿಗೆ ಬಾಯಿ ಇಲ್ಲ, ಖರೆ. ಆದ್ರ ಹೇಳದಿದ್ರೂ ತಿಳಕೋತಾರ,’ ಎಂದಿದ್ದಳು. ಆ ಮಾತನ್ನು ಆಡುವಾಗ ತನ್ನ ಕತ್ತು ಎಷ್ಟು ನೆಟ್ಟಗಿತ್ತೆಂಬುದು ಈಗ ನೆನಪಾಯಿತು. ಮೆಹವಿಶ ಚಹಾದ ಕಪ್ಪು ಕೆಳಗಿಟ್ಟು, ‘ನಸೀಬು ಬೇಕು ಬಿಡು,’ ಎಂದಿದ್ದಳು. ಇವತ್ತು ಅವಳಿಗೂ ಅದೇ ಮಾತು ನೆನಪಾಗಿರಬೇಕು.

ಅದಕ್ಕೂ ಹಿಂದೆ ಹೋದಳು. ಹುಡುಕುತ್ತಿದ್ದೇನೆಂದು ತಿಳಿಯದೆಯೇ ಹುಡುಕುತ್ತಿದ್ದ ಚಿತ್ರ ಸಿಕ್ಕಿತು. ಕಂಪನಿಯವರು ಒಮ್ಮೆ, ನಿಮ್ಮದೇ ದನಿಯಲ್ಲಿ ಏನಾದರೂ ಹೇಳಿ ಕಳಿಸಿ ಎಂದಿದ್ದರು. ಏನು ಹೇಳಬೇಕೆಂದು ತಿಳಿಯದೆ ಮೊದಲು ಬರೆದುಕೊಂಡಿದ್ದಳು. ಕುರಕುಂಟಾದ ತವರುಮನೆಯ ಹಿಂದೆ ಬಾವಿ ಇತ್ತು, ಅದಕ್ಕೆ ಮೆಟ್ಟಿಲಿದ್ದವು, ಕೊನೆಯ ಮೆಟ್ಟಿಲಿಗೆ ಕಾಲು ಇಳಿಬಿಟ್ಟು ಕೂತರೆ ಮೇಲಿನ ಮನೆಯ ಜಗಳ ಕೇಳಿಸುತ್ತಿರಲಿಲ್ಲ, ಅಪ್ಪ ಸತ್ತ ದಿನವೂ ನಾನು ಅಲ್ಲಿಯೇ ಇದ್ದೆ, ನನ್ನನ್ನು ಯಾರೂ ಹುಡುಕಲಿಲ್ಲ. ಅಷ್ಟೇ. ಓದಲು ಹೋಗಿ ನಡುವೆಯೇ ಬಿಟ್ಟಳು, ಕಳಿಸಲಿಲ್ಲ, ಅಳಿಸಿಬಿಟ್ಟಳು. ಆ ತಿಂಗಳ ಅಮಾವಾಸ್ಯೆಗೆ ಅಂಬರೇಶ ತಾನಾಗಿಯೇ ಹೇಳಿದ: ‘ಕುರಕುಂಟಾಕ್ಕ ಹೋಗಿ ಬರೂಣು ನಡಿ.’ ಮದುವೆಯಾದಂದಿನಿಂದ ಅವನು ಆ ಮಾತು ಆಡಿದ್ದಿಲ್ಲ. ಹೋದರು. ಬಾವಿಗೆ ಮಣ್ಣು ತುಂಬಿಸಿ ಮೇಲೆ ಮೇವಿನ ಬಣವೆ ಒಟ್ಟಿದ್ದರು. ಅವನು ಬಣವೆಯ ಸುತ್ತ ಒಂದು ಸುತ್ತು ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ‘ಮೆಟ್ಟಿಲ ಈ ಕಡಿ ಇದ್ದವೇನು?’ ಎಂದು ಕೇಳಿದ. ತೊಗರಿ ಹೊಲದ ಮೇಲಿನ ಗಾಳಿ ಬರುತ್ತಿತ್ತು. ತನ್ನ ಮುಖ ನೋಡಿಯೇ ಈ ಮನುಷ್ಯ ಅಷ್ಟೆಲ್ಲ ಓದಿಕೊಂಡನಲ್ಲ ಎಂದುಕೊಂಡಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ, ಜನ ಇದ್ದರೂ, ಅವನ ಭುಜಕ್ಕೆ ತಲೆ ಕೊಟ್ಟಿದ್ದಳು. ಬದುಕಿನಲ್ಲಿ ಒಳ್ಳೆಯ ದಿನ ಯಾವುದು ಎಂದು ಯಾರಾದರೂ ಕೇಳಿದ್ದರೆ, ನಿನ್ನೆಯವರೆಗೆ, ಅದನ್ನೇ ಹೇಳುತ್ತಿದ್ದಳು.

ಚಿತ್ರಗಳನ್ನು ಮುಚ್ಚಿದಳು. ಅಕ್ಕಿ ಆರಿಸಿದಳು. ಪಲ್ಯಕ್ಕೆ ಹೆಚ್ಚಿದಳು. ಒಣಗಿದ ಬಟ್ಟೆಯ ಮೇಲೆ ಕೂತ ಸಿಮೆಂಟಿನ ಪುಡಿಯನ್ನು ಕೊಡವಿ ಮಡಚಿದಳು. ಸಿಟ್ಟು ಬರಬೇಕಿತ್ತು. ಅದಕ್ಕೊಂದು ಜಾಗ ಮಾಡಿಕೊಟ್ಟು ಕೂತ ಹಾಗೆ, ನಡುನಡುವೆ ಕೈ ನಿಲ್ಲಿಸಿ ಕಾದಳು. ಬಂದದ್ದು ಸಿಟ್ಟಲ್ಲ, ಒಂದು ದಿನದ ನೆನಪು. ಹೆಡ್‌ಫೋನ್ ಹಾಕಿಕೊಂಡು ಯಾವುದೋ ಮಾತಿಗೆ ಅವಳು ಬಿದ್ದು ಬಿದ್ದು ನಗುತ್ತಿದ್ದಾಗ, ಹೇಗೋ ತಿರುಗಿದರೆ ಅಂಬರೇಶ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದಿದ್ದನೋ. ಚಪ್ಪಲಿ ಬಿಟ್ಟಿರಲಿಲ್ಲ. ‘ಗೊತ್ತಿಲ್ಲದವರ ಮಾತಿಗೆ ಇಷ್ಟು ನಗ್ತಿಯಲ್ಲ,’ ಎಂದಿದ್ದ. ಅವನ ಮುಖದಲ್ಲಿ ಇದ್ದದ್ದು ಅನುಮಾನ ಎಂದು ಆಗ ತಿಳಿದು, ಆಮೇಲೆ ಅದೇನೂ ಅಲ್ಲವೆಂದು ಮರೆತಿದ್ದಳು. ಅದು ಶ್ರಾವಣಕ್ಕೆ ಸ್ವಲ್ಪ ಮೊದಲು.

ಸಂಜೆ ಅವನು ಬಂದು, ಕೈಕಾಲು ತೊಳೆದು, ಚಹಾ ಕುಡಿದ. ಅವಳು ಲೋಟ ತೆಗೆದುಕೊಳ್ಳುತ್ತ, ‘ಕಂಪ್ಯೂಟರ್ ಭಾಳ ನಿಧಾನ ಆಗ್ಯದ. ಜರಾ ನೋಡ್ರಿ,’ ಎಂದಳು.

ಅವನು ಹೋಗಿ ಕೂತ. ಅವಳು ಹಿಂದೆ ನಿಂತಳು. ಎಷ್ಟು ತೊಳೆದರೂ ಅವನ ಕುತ್ತಿಗೆಯ ಗೆರೆಗಳಲ್ಲಿ ಬೂದು ಬಣ್ಣ ಉಳಿಯುತ್ತಿತ್ತು. ಅವಳ ದಿನವೆಲ್ಲ ಹೀಗೆ ಹಿಂದಿನಿಂದ ಅವನಿಗೆ ಕಾಣುತ್ತಿತ್ತಲ್ಲ, ಈಗ ಅವನು ಅವಳಿಗೆ ಕಾಣುತ್ತಿದ್ದ. ಅವನು ಪಟ್ಟಿ ತೆರೆದ. ಕೆಂಪು ಹೆಸರು ಮೇಲೆಯೇ ಇತ್ತು. ಅವನ ಬೆರಳು ಅದನ್ನು ದಾಟಿ ಸರಕ್ಕನೆ ತಳಕ್ಕೆ ಇಳಿಯಿತು. ತಳದಲ್ಲಿದ್ದ ಬಡಪಾಯಿ ಹೆಸರುಗಳಲ್ಲಿ ಎರಡು ಮೂರನ್ನು ನಿಲ್ಲಿಸಿದ. ಬ್ರೌಸರ್ ಮುಚ್ಚಿದ, ತೆರೆದ. ಯಂತ್ರ ನರಳಿತು.

‘ಹಳೇದಾಗ್ಯದ. ರ‍್ಯಾಮ್ ಕಮ್ಮಿ ಬೀಳ್ಳಿಕತ್ತದ. ಹೊಸಾದು ಹಾಕ್ಸಬೇಕು,’ ಎಂದ.

‘ಎಲ್ಲಾಕಿಂತ ಮ್ಯಾಲಿಂದು ಏನ್ರಿ ಅದು?’

‘ಅದು…’ ಎಂದು ತಡೆದ. ಅವಳ ಕೆಲಸದಲ್ಲಿ ಇಂಥ ಕಡೆ ಮೂರು ಚುಕ್ಕಿ ಇಡಬೇಕು. ‘ಅದು ಕಂಪ್ಯೂಟರಿಂದೇ. ತಗದ್ರ ಬಂದ್ ಬೀಳ್ತದ.’

‘ಹೌದಾ.’

ಅವನು ಪಟ್ಟಿ ಮುಚ್ಚಲು ಹೋದ. ಅದು ಮುಚ್ಚಲಿಲ್ಲ, ಉಂಗುರ ತಿರುಗಿತು. ಇಬ್ಬರೂ ಉಂಗುರವನ್ನೇ ನೋಡಿದರು. ಇಷ್ಟಕ್ಕೇ ಬಿಡಬಹುದಿತ್ತು. ರೊಟ್ಟಿ ಮಾಡಬೇಕಿತ್ತು, ಹೊಸ ರ‍್ಯಾಮ್ ತಂದು ಹಾಕಿಸಿದರೆ ಅದನ್ನೂ ಇದು ತಿನ್ನುತ್ತಿತ್ತು, ವರ್ಷಗಳು ಕಳೆಯುತ್ತಿದ್ದವು, ನಡುನಡುವೆ ಅವನು ಅವಳಿಗೆ ಬೇಕಾದದ್ದೇನಾದರೂ ಚೀಲದಲ್ಲಿ ಹೊತ್ತು ತರುತ್ತಿದ್ದ. ಅವಳಿಗೆ ತನ್ನದೇ ದನಿ, ಹೆಡ್‌ಫೋನಿನಲ್ಲಿ ಕೇಳಿದ ಹಾಗೆ, ದೂರದಿಂದ ಕೇಳಿಸಿತು.

‘ಬಾವಿಗೆ ಮೆಟ್ಟಿಲ ಇದ್ದದ್ದು ನಾ ನಿಮಗ ಯಾವಾಗ ಹೇಳಿದ್ದೆ?’

ಅವನ ಕೈ ಮೌಸಿನ ಮೇಲೆ ಇದ್ದಲ್ಲಿಯೇ ಇತ್ತು. ಕತ್ತು ತಿರುಗಲಿಲ್ಲ.

‘ಹೇಳಿರಬೇಕು.’

‘ಇಲ್ಲ. ಯಾರಿಗೂ ಹೇಳಿಲ್ಲ.’

ಅವನು ಕೈಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ, ಬೇರೆಯವರ ವಸ್ತುವನ್ನು ಇಡುವ ಹಾಗೆ. ಗಾಡಿಯೊಂದು ಹಾಯ್ದು ಹೋಯಿತು.

‘ಮೊದಲು… ಅನುಮಾನ ಬಂದು ಹಾಕಿದ್ದೆ. ಖರೆ. ನೋಡಿದ ಮ್ಯಾಲ ಏನೂ ಇಲ್ಲ ಅಂತ ತಿಳೀತು. ತಗದುಬಿಡಬೇಕಿತ್ತು.’

‘ಯಾಕ ತಗೀಲಿಲ್ಲ?’

‘ಚಟ ಆಯ್ತು.’ ಅವನು ಪರದೆಗೇ ಹೇಳುತ್ತಿದ್ದ. ‘ಊಟದ ಹೊತ್ತಿನ್ಯಾಗ ಲ್ಯಾಬಿನಾಗ ಕುಂತು ಫೋನಿನಾಗ ನೋಡ್ತಿದ್ದೆ. ನೀ ನನ್ನ ಮುಂದ ಏನೂ ಮಾತಾಡಾಂಗಿಲ್ಲಲ್ಲ. ಅದರಾಗ ಮಾತಾಡ್ತಿದ್ದಿ.’

ನೀವು ಯಾವಾಗ ಕೇಳಿದಿರಿ ಎನ್ನಬೇಕೆಂದುಕೊಂಡಳು. ಕೇಳಿದ್ದರೆ ಹೇಳುತ್ತಿದ್ದೆನೇ ಎಂಬುದೂ ಗೊತ್ತಿರಲಿಲ್ಲ. ಅವನು ಲ್ಯಾಬಿನ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಅವಳ ಅಪ್ಪ ಸತ್ತ ದಿನವನ್ನು ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. ಅಳಿಸಿದ್ದನ್ನೂ ಓದಿದ್ದ. ಓದಿ, ಯಾರಿಗೂ ಹೇಳದೆ, ಅಮಾವಾಸ್ಯೆಗಾಗಿ ಕಾದಿದ್ದ. ಇದರಲ್ಲಿ ಯಾವುದಕ್ಕೆ ಸಿಟ್ಟಾಗಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಬೇರೆ ಮಾಡಲು ಹೋದರೆ ಅಕ್ಕಿ ಕಲ್ಲು ಎರಡೂ ಒಂದೇ ಬಣ್ಣ ಕಾಣುತ್ತಿದ್ದವು.

‘ತಗೀರಿ,’ ಎಂದಳು.

ಅವನು ಪಾಸ್‌ವರ್ಡ್ ಬರೆದ. ಅವಳು ನೋಡದಿರಲೆಂದು ಮರೆಮಾಡಲಿಲ್ಲ, ಅವಳೂ ನೋಡಲಿಲ್ಲ. ನಿಜವಾಗಿ ತೆಗೆಯಬೇಕೇ ಎಂದು ಯಂತ್ರ ಕೇಳಿತು. ಅವನು ಆಗ ತಿರುಗಿ ಅವಳ ಮುಖ ನೋಡಿದ. ಏನನ್ನೋ ಓದಲು ಹೋಗಿ, ಅಕ್ಷರ ತಿಳಿಯದವನ ಹಾಗೆ ಕಣ್ಣು ಕೆಳಗೆ ಮಾಡಿ, ಒತ್ತಿದ.

ಆಮೇಲಿನ ದಿನಗಳಲ್ಲಿ ಕಂಪ್ಯೂಟರು ಚುರುಕಾಗಿತ್ತು. ಅಕ್ಷರಗಳು ಬೆರಳಿನ ಬೆನ್ನಿಗೇ ಬರುತ್ತಿದ್ದವು. ಆಡು ಹುಡುಕುತ್ತಿದ್ದ ಮುದುಕ ಮಾತ್ರ ಬೇರೆ ಯಾರ ಪಾಲಿಗೋ ಹೋಗಿಬಿಟ್ಟಿದ್ದ. ಕಂಪನಿಯವರು ಅವಳ ಹೆಸರು ತೆಗೆಯಲಿಲ್ಲ. ಮೆಹವಿಶ ಫೋನ್ ಮಾಡಿ, ‘ಎಲ್ಲಾ ಸರಿ ಆಯ್ತೇನು?’ ಎಂದಾಗ, ‘ಅವರೇ ತಗದ್ರು,’ ಎಂದಳು. ಮೆಹವಿಶ, ‘ಅಂಗಡಿಗೆ ಬಾ ಒಂದಿನ, ಚಹಾ ಕುಡಿಯೂಣು,’ ಎಂದಳು. ಸುಜಾತಾ ಹೋಗಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ. ಉಣ್ಣಲು ಬಡಿಸುತ್ತಿದ್ದಳು, ಉಣ್ಣುತ್ತಿದ್ದ. ಪರದೆಯ ಮುಂದೆ ಕೂತಾಗ ಮೊದಮೊದಲು ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ಆಮೇಲೆ ಅದೂ ಹೋಯಿತು. ಯಾರೂ ನೋಡುತ್ತಿಲ್ಲ. ಅದು ಸಮಾಧಾನವೆಂದು ತನಗೆ ತಾನೇ ಹೇಳಿಕೊಂಡಳು. ಒಂದು ಮಧ್ಯಾಹ್ನ ಸುಮ್ಮನೆ ಖಾಲಿ ಹಾಳೆ ತೆರೆದು, ಏನೂ ಬರೆಯದೆ, ಬಹಳ ಹೊತ್ತು ಅದರ ಬೆಳಕಿನಲ್ಲಿ ಕೂತಿದ್ದಳು.

ಬಿಸಿಲು ಏರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಫ್ಯಾಕ್ಟರಿಗೆ ಹೊರಟ ಅಂಬರೇಶ ಚಪ್ಪಲಿ ಮೆಟ್ಟಿದವನು ಹೊಸ್ತಿಲಲ್ಲೇ ನಿಂತ. ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

‘ಬರುವಾಗ ಏನಾರ ತರಬೇಕೇನು?’

ಅವಳು ಕಸಬರಿಗೆ ಹಿಡಿದು ನಿಂತಿದ್ದಳು. ಇಷ್ಟು ವರ್ಷದಲ್ಲಿ ಅವನು ಕೇಳಿದ್ದು ಇದೇ ಮೊದಲು. ಏನು ಬೇಕು ಎಂದು ಒಳಗೆ ನೋಡಿಕೊಂಡಳು. ಖಾಲಿ ಡಬ್ಬಿಯಲ್ಲಿ ಕೈ ಆಡಿಸಿದ ಹಾಗಾಯಿತು. ಏನಿಲ್ಲ ಎನ್ನುವುದು ಸುಲಭವಿತ್ತು. ಅವನು ಹೋಗದೆ ನಿಂತೇ ಇದ್ದ.

‘ಹುಣಸಿ ಚಿಗುರು ಬಂದಿರಬೇಕು ಈಗ,’ ಎಂದಳು. ‘ಸಿಕ್ಕರ ತರ್ರಿ.’

‘ಹುಣಸಿ ಚಿಗುರು,’ ಎಂದು ಬಾಯಿಪಾಠ ಮಾಡುವವನ ಹಾಗೆ ಹೇಳಿಕೊಂಡು ಹೋದ.

ಚಿಗುರು ಹಾಕಿ ಕುದಿಸಲೆಂದು ಬೇಳೆ ನೆನೆಸಿಟ್ಟಳು. ಸಂಜೆ ಅವನು ಬಂದಾಗ ಅವಳ ಕಣ್ಣು ಮುಖಕ್ಕಿಂತ ಮೊದಲು ಕೈಗೆ ಹೋಯಿತು. ಡಬ್ಬಿಯ ಚೀಲವೊಂದೇ. ಅವನು ಚಪ್ಪಲಿ ಬಿಟ್ಟು, ನೀರಿನ ಕೊಡದ ತನಕ ಹೋಗಿ, ಅಲ್ಲಿ ನಿಂತು ಹಿಂದೆ ನೋಡಿದ.

‘ಮರತೆ,’ ಎಂದ. ‘ಪೂರಾ ಮರತುಬಿಟ್ಟೆ. ತಡಿ, ಹೋಗಿ ತರ್ತೀನಿ.’

ಅವನ ಮುಖದಲ್ಲಿ ಮರೆತವನ ಮುಖವಲ್ಲದೆ ಬೇರೇನೂ ಇರಲಿಲ್ಲ. ಹೇಳಿದ್ದು ಇವನ ತಲೆಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಹೀಗೆಯೇ ಇದ್ದಿರಬೇಕು ಮೊದಲಿನಿಂದಲೂ. ಅವಳು ಗೂಟದಿಂದ ಕೈಚೀಲ ತೆಗೆದುಕೊಂಡಳು.

‘ಬ್ಯಾಡ. ಆರಿಸಿ ತರಬೇಕು, ನಿಮಗ ತಿಳಿಯಾಂಗಿಲ್ಲ. ನೀವು ಬ್ಯಾಳಿ ಕುದಿಯಾಕ ಇಡ್ರಿ.’

‘ನೀರು ಎಷ್ಟು ಹಾಕಬೇಕು?’ ಎಂದು ಹಿಂದಿನಿಂದ ಕೇಳಿದ. ಅವಳು ಮೆಟ್ಟಿಲಿಳಿಯುತ್ತ ಹೇಳಿದಳು.

ಸಂತೆಯ ಬದಿಯಲ್ಲಿ ಸೊಪ್ಪು ಮಾರುವ ಅನಸುಬಾಯಿ ಗೋಣಿ ಹಾಸಿಕೊಂಡು ಕೂತಿದ್ದಳು. ಮುಂದೆ ಚಿಗುರಿನ ಕೆಂಪು ಗುಡ್ಡೆ, ಬಾಡದಿರಲೆಂದು ನೀರು ಚಿಮುಕಿಸಿದ್ದು. ‘ಇವತ್ತ ಮುಂಜಾನಿ ಹರಿದದ್ದವ್ವಾ, ತಿಂದು ನೋಡು,’ ಎಂದಳು. ಸುಜಾತಾ ಮಂಡಿ ಮಡಚಿ ಕೂತು ಒಂದು ಎಸಳು ಬಾಯಿಗೆ ಹಾಕಿಕೊಂಡಳು. ಹುಳಿ ದವಡೆಯ ಸಂದಿಗೆ ಚುಳ್ಳೆಂದು ಹೊಕ್ಕು, ಕಿವಿಯ ಬುಡದವರೆಗೆ ಏರಿ, ಕಣ್ಣಲ್ಲಿ ನೀರು ತರಿಸಿತು. ಅನಸುಬಾಯಿ ನಕ್ಕಳು. ‘ಎಳೀದು ಅದ, ಅದಕ್ಕೇ ಭಾಳ ಹುಳಿ.’ ಸುಜಾತಾ ಕಣ್ಣು ಒರೆಸಿಕೊಳ್ಳಲಿಲ್ಲ. ಇನ್ನೊಂದು ಎಸಳು ಹರಿದು ಬಾಯಿಗೆ ಹಾಕಿಕೊಂಡಳು.